ವಸುಧಾಳ ಅವ್ವನ ಒಡಪು

ವಸುಧಾ ನಮ್ಮ ಪ್ರತಾಪ ನಗರದ ಮನೆಗೆ ಬಾಡಿಗೆಗೆ ಬಂದ ದಿನ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಳು. "ತೀರಿಕೊಂಡ ನಮ್ಮವ್ವ ಹೇಳಿದ್ದೆಲ್ಲಾ ಇದರಾಗ ಬರದಿಟ್ಟೀನ್ರಿ ಅಜ್ಜಿ. ಹಾಡು, ಅಡಗಿ, ಬೈಗುಳಾನೂ ಐತಿ!" ಎಂದಳು.

ತನ್ನ ಮದುವೆಯ ಹಿಂದಿನ ದಿನ ಓಡಿ ಬಂದಳು. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳಲು ಒಂದು ಒಡಪು, ಪ್ರಾಸದ ಎರಡು ಸಾಲು, ಬೇಕಿತ್ತು. ಅವ್ವ ತನ್ನ ಮದುವೆಯಲ್ಲಿ ಹೇಳಿದ್ದೇ ಬೇಕೆಂದು ಅವಳ ಹಟ. ಫೋಲ್ಡರಿನೊಳಗೆ ಫೋಲ್ಡರು, ಯಾವುದರಲ್ಲಿದೆಯೋ ನೆನಪಿಲ್ಲ. ಪುಟ್ಟದೊಂದು ಸ್ಕ್ರಿಪ್ಟ್ ಬರೆದಳು. ಅದು ಎಲ್ಲ ಫೋಲ್ಡರುಗಳ ತಳದವರೆಗೂ ಇಳಿದು, ಪ್ರತಿ ಫೈಲಿನಲ್ಲೂ ನಾವು ಕೊಟ್ಟ ಪದವನ್ನು ಹುಡುಕುತ್ತದಂತೆ. 'ಒಡಪು' ಎಂದು ಹಾಕಿದಳು, ಏನೂ ಸಿಗಲಿಲ್ಲ. 'ಮದುವೆ' ಎಂದರೆ ರಾಶಿ ರಾಶಿ ಬಂತು. ಅವಳ ಕಣ್ಣು ತುಂಬಿತು.

"ನಿಮ್ಮಪ್ಪನ ಹೆಸರು ಹಾಕವ್ವಾ. ಒಡಪು ಬಿಟ್ರ ಬ್ಯಾರೆ ಎಲ್ಲೂ ಆಕಿ ಗಂಡನ ಹೆಸರು ಬಾಯಿಗೆ ತಂದಿರಂಗಿಲ್ಲ," ಎಂದೆ.

"ಬರೋಬರ್ ಅಜ್ಜಿ! ಯಾವಾಗ್ಲೂ 'ನಿಮ್ಮಪ್ಪ' ಅಂತಿದ್ಲು!"

'ಬಿಂದುಮಾಧವ' ಎಂದು ಒತ್ತಿದಳು. ಒಂದೇ ಒಂದು ಫೈಲು ಬಂತು, ಅದೂ ಉಪ್ಪಿನಕಾಯಿಯ ಫೋಲ್ಡರಿನಿಂದ!

'ಮಲ್ಲಿಗಿ ಮುಡಿದು ಬಾಗಿಲಾಗ ನಿಂತೇನಿ, ಬಿಂದುಮಾಧವರಾಯರ ದಾರಿ ಕಾಯ್ತೇನಿ.'

ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು.

ಮದುವೆ ಮುಗಿದು ಕಾಮಠಿಯ ಗಂಡನ ಮನೆಗೆ ಹೊರಟವಳು ರಿಕ್ಷಾದಲ್ಲಿ ಕೂತೇ ಲ್ಯಾಪ್‌ಟಾಪ್ ತೆರೆದಳು.

"ಜಲ್ದಿ ಹೇಳ್ರಿ ಅಜ್ಜಿ, ನಿಮ್ಮ ಮದುವ್ಯಾಗ ನೀವು ಅಜ್ಜಾರ ಹೆಸರು ಹಾಕಿ ಏನಂತ ಒಡಪು ಹೇಳಿದ್ರಿ?"