ಸೋಮವಾರದ ನೊಗ

ಕೆಲಸದಾಳುಗಳನ್ನು ನೋಡಿಕೊಳ್ಳುವ ಮುಕಾದಮ ರಾಚಪ್ಪ ಕಾಕಾನಿಗೆ ಎರಡು ದನಿಗಳಿದ್ದವು. ಚಕ್ಕಡಿಯ ಮುದುಕರಿಗೆ "ಬರ್ರಿ ಯಜಮಾನ್ರ" ಎಂದು ಎದ್ದು ನಿಂತು ಹೇಳುವುದೊಂದು. ಲಾರಿಯ ಹುಡುಗರಿಗೆ "ಏಳೋ ಮಂಗ್ಯಾ" ಎಂದು ಬೆನ್ನಿಗೆ ಗುದ್ದಿ ಹೇಳುವುದೊಂದು. ಎರಡಕ್ಕೂ ಜನ ಏಳುತ್ತಿದ್ದರು.

ಯಮಕನಮರಡಿಯಲ್ಲಿ ಪುಣೆ ರಸ್ತೆಗೆ ಹತ್ತಿದ, ಕಾಕಾ ದುಡಿಯುತ್ತಿದ್ದ ಸಾಗಣೆ ಪೇಢಿಯಲ್ಲಿ ನಾನು ಆಗಷ್ಟೇ ಕಾರಕೂನನಾಗಿದ್ದೆ. ಲಾರಿ ರಸ್ತೆಯಲ್ಲಿ ಮಾಲು ಇಳಿಸುತ್ತಿತ್ತು; ಓಣಿಯೊಳಗಿನ ಅಂಗಡಿಗಳಿಗೆ ಚಕ್ಕಡಿಗಳು ಒಯ್ಯುತ್ತಿದ್ದವು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಲಾರಿಗೆ ಯಾವ ವಾರವೂ ಇಲ್ಲ. ಆ ದಿನದ ಹೊರೆಯೆಲ್ಲ ಹುಡುಗರ ತಲೆಯ ಮೇಲೆ. ಹೊತ್ತು ಮುಗಿಯದ ಮಾಲು ರಸ್ತೆಯಲ್ಲೇ ಉಳಿಯುತ್ತಿತ್ತು.

"ಎತ್ತಿಗೆ ಸೂಟಿ, ನಾವೇನ್ ಕಲ್ಲೇನ್ರಿ ಕಾಕಾ?" ಎಂದು ಡ್ರೈವರ್ ದಸ್ತಗೀರ ಕೇಳುತ್ತಿದ್ದ.

"ನಿನ್ನ ಮೋಟಾರು ಸಗಣಿ ಹಾಕಿದ ದಿನಾ ಮಾತಾಡು," ಎನ್ನುತ್ತಿದ್ದ ಚಕ್ಕಡಿಯ ಮಲ್ಲಪ್ಪಜ್ಜ.

ಕೊನೆಗೆ ಮಾಲಕರು ಕಾಕಾನನ್ನು ಕರೆದು ಹೇಳಿಬಿಟ್ಟರು: "ಇನ್ನೊಂದು ಸೋಮವಾರ ಮಾಲು ರಸ್ತೇದಾಗ ಬಿತ್ತಂದ್ರ ಮುದುಕ್ರನ್ನ ಕೆಲಸಾ ಬಿಡಸ್ತೀನಿ."

ಮುಂದಿನ ಸೋಮವಾರ ಬಂದದ್ದು ಉಪ್ಪು. ಮೇಲೆ ಕರಿ ಮೋಡ. ಕಾಕಾ ಅಲ್ಲಿಂದಿಲ್ಲಿಗೆ ಓಡಾಡಿದ, ಕೈ ಮುಗಿದ.

"ಉಪವಾಸ ಸತ್ತರೂ ಎತ್ತು ಹೂಡಾಂಗಿಲ್ರಿ," ಎಂದ ಅಜ್ಜ.

"ಹಂಗಾದ್ರ ನಾವೂ ಹೊರಾಂಗಿಲ್ಲ," ಎಂದ ದಸ್ತಗೀರ.

ಕಾಕಾ ರುಮಾಲು ತೆಗೆದಿಟ್ಟ. ಒಂದು ಚಕ್ಕಡಿಗೆ ತಾನೇ ಚೀಲ ಹೇರಿ, ಅದರ ನೊಗಕ್ಕೆ ತನ್ನ ಹೆಗಲನ್ನೇ ಕೊಟ್ಟ. "ಸೂಟಿ ಎತ್ತಿಗೈತಿ. ನನಗಿಲ್ಲ."

"ಏನ್ ಮಾಡಾಕತ್ತೀರಿ, ಬಿಡ್ರಿ!" ಎಂದು ಬೈಯುತ್ತಲೇ ಅಜ್ಜ ಇನ್ನೊಂದು ಕಡೆಗೆ ಹೆಗಲು ಕೊಟ್ಟ. ಓಣಿಯ ಏರಿನಲ್ಲಿ ಗಾಲಿ ನಿಂತವು. ಹಿಂದಿನಿಂದ ಯಾರೋ ನೂಕಿದರು. ತಿರುಗಿ ನೋಡಿದರೆ ದಸ್ತಗೀರ, ಅವನ ಹಿಂದೆ ಉಳಿದ ಹುಡುಗರು. ಮಳೆ ಬೀಳುವ ಹೊತ್ತಿಗೆ ಉಪ್ಪೆಲ್ಲ ಒಳಗಿತ್ತು.

ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡಿದ ಮಾಲಕರು ಕಾಕಾನಿಗೆ ಹೇಳಿದರು: "ಮಂದೀನ ಎಳೀತಾರಂದ್ರ ಎತ್ತು ಯಾಕ? ಕೈಗಾಡಿ ತರಸ್ತೀನಿ, ಹುಡುಗ್ರು ಎಳೀಲಿ. ಮುದುಕ್ರಿಗೆ ನೀನ ಹೇಳಿಬಿಡು."

ಕಾಕಾ ಮಳೆಯಲ್ಲೇ ಮುದುಕರ ಹತ್ತಿರ ಹೋದ. ಬಂದು ಗೋದಾಮಿನ ಕೀಲಿಗಳನ್ನು ನನ್ನ ಮುಂದೆ ಇಟ್ಟ.

"ಹೇಳಿ ಬಂದೆ ತಮ್ಮಾ. ಯಾರೂ ಒಂದು ಮಾತು ಬೈಲಿಲ್ಲ. ಬೈದಿದ್ರ ನಾಳೆ ಬರ್ತಿದ್ದೆ."

ಕಣಗಲಾದ ಕಡೆಗೆ ನಡೆದುಹೋದ. ಮತ್ತೆ ಸಿಗಲಿಲ್ಲ.

ಮರುದಿನ ದಸ್ತಗೀರ ಲಾರಿಯ ಗಾಲಿಗೆ ಒರಗಿ, ಕೆಲಸಕ್ಕೆ ಏಳದೆ ಕುಳಿತಿದ್ದ. ಅವನ ಹತ್ತಿರ ಹೋಗಿ ಏಳು ಎನ್ನುವ ಧೈರ್ಯ ಪೇಢಿಯಲ್ಲಿ ಯಾರಿಗೂ ಇರಲಿಲ್ಲ.