ಹಾಯಿಕಂಬ ಹತ್ತದ ಮಗಳು

ಹೋದ ತಿಂಗಳ ಒಂದು ಭಾನುವಾರ ನನ್ನ ಮಗಳು ಇನ್ನೂರು ಜನರೆದುರು ಮೈಕ್ ಹಿಡಿದು, ತನ್ನಪ್ಪ ಹೇಳಿದ್ದೆಲ್ಲ ಸುಳ್ಳು ಎಂದು ಸಾಬೀತು ಮಾಡಿದಳು. 'ಸುಳ್ಳು' ಎಂಬ ಪದವನ್ನು ಮಾತ್ರ ಬಳಸಲಿಲ್ಲ. (ಅವಳಿಗೆ ಕನ್ನಡದಲ್ಲಿ ಆ ಪದ ಗೊತ್ತಿದೆಯೋ ಇಲ್ಲವೋ, ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.) ತಲೆಯ ಮೇಲೆ ಪೇಟ, ಹೆಗಲ ಮೇಲೆ ಶಾಲು, ಕಂಕುಳಲ್ಲಿ ಹಣ್ಣಿನ ಬುಟ್ಟಿ. ಅಷ್ಟನ್ನೂ ಹೊತ್ತುಕೊಂಡೇ ಹೇಳಿದಳು.

ನಾನು ಮೊದಲ ಸಾಲಿನಲ್ಲೇ ಕೂತಿದ್ದೆ. ಸನ್ಮಾನಿತರ ಅಪ್ಪನಿಗೆ ಅಲ್ಲೇ ಕುರ್ಚಿ ಹಾಕುತ್ತಾರೆ.

ಮೊದಲಿನಿಂದ ಹೇಳುತ್ತೇನೆ.

ಶ್ರಾವಣಿಗೆ ಹತ್ತೊಂಬತ್ತು ವರ್ಷ, ಡಿಗ್ರಿ ಎರಡನೇ ವರ್ಷ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಸೇಲ್ ಟ್ರೈನಿಂಗ್, ಅಂದರೆ ಹಾಯಿ ನಡೆಸುವ ತರಬೇತಿ ಎಂಬುದನ್ನು ನೋಡಿ ಹೆಸರು ಕೊಟ್ಟು ಬಂದಿದ್ದಳು. ಚೆನ್ನೈ ಬಂದರಿನಿಂದ ವಿಶಾಖಪಟ್ಟಣಕ್ಕೆ ಹೋಗಿ ವಾಪಸು, ಹನ್ನೆರಡು ದಿನ, ಹಾಯಿ ಹಡಗಿನಲ್ಲಿ. ಇಪ್ಪತ್ತು ಜನ ಹುಡುಗ ಹುಡುಗಿಯರು. ಹಾಯಿ ಬಿಚ್ಚುವುದು, ಹಗ್ಗ ಎಳೆಯುವುದು, ಅಡುಗೆ, ನೆಲ ಉಜ್ಜುವುದು ಎಲ್ಲ ಅವರದೇ. ಎಂಜಿನ್ ಇದೆಯಂತೆ, ಆದರೆ ಬಂದರು ದಾಟಿದ ಮೇಲೆ ಹಚ್ಚುವುದಿಲ್ಲವಂತೆ.

ನಾನು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನವನು. ಇಪ್ಪತ್ತಾರು ವರ್ಷದಿಂದ ಹಳಿ, ಗಾಲಿ, ಬ್ರೇಕು. ಕೆಳಗೆ ಹಳಿ ಇಲ್ಲದೆ ಓಡುವ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ನನ್ನ ಹೆಂಡತಿ ಸುಧಾ ಹುಬ್ಬಳ್ಳಿಯವಳು. ಅವಳ ಚಿಂತೆ ಬೇರೆ.

"ಗಾಳಿ ಬೀಸಲಿಲ್ಲಂದ್ರ ಏನ್ ಮಾಡ್ತಾರಂತ?"

"ವೆಯಿಟ್ ಪಣ್ಣುವೋಂ ಅಮ್ಮಾ," ಎಂದಳು ಶ್ರಾವಣಿ. ಕಾಯುತ್ತೇವೆ, ಅಷ್ಟೆ.

(ಅಮ್ಮ ಹುಬ್ಬಳ್ಳಿ ಕನ್ನಡದಲ್ಲಿ ಕೇಳುವುದು, ಮಗಳು ತಮಿಳಿನಲ್ಲಿ ಉತ್ತರಿಸುವುದು ನಮ್ಮ ಮನೆಯ ವಾಡಿಕೆ. ಮೂರನೆಯವನಾದ ನಾನು ಎರಡೂ ಅರ್ಥವಾಗದವನಂತೆ ಪೇಪರ್ ಓದುತ್ತಿರುತ್ತೇನೆ.)

ಹೋದಳು. ಹಡಗು ಹತ್ತುವ ಮೊದಲೇ ಎಲ್ಲರ ಮೊಬೈಲ್ ತೆಗೆದಿಟ್ಟುಕೊಂಡರು. ಇನ್ನು ಹನ್ನೆರಡು ದಿನ ಸುದ್ದಿಯಿಲ್ಲ. ಏನಾದರೂ ಕೆಟ್ಟದ್ದಾದರೆ ಮಾತ್ರ ಫೋನ್ ಮಾಡುತ್ತಾರಂತೆ. ಅಂದರೆ ಹನ್ನೆರಡು ದಿನವೂ ಫೋನ್ ಬರಬಾರದು ಎಂದು ಬೇಡಿಕೊಳ್ಳುತ್ತ, ಐದು ನಿಮಿಷಕ್ಕೊಮ್ಮೆ ಫೋನ್ ನೋಡಿಕೊಳ್ಳುತ್ತ ಕೂರಬೇಕು. ನಿಮಗೆ ಅಭ್ಯಾಸವಿದೆಯೇ? ನನಗಿರಲಿಲ್ಲ.

ಸುದ್ದಿ ಇಲ್ಲದಿದ್ದಾಗ ಮನುಷ್ಯ ಏನು ಮಾಡುತ್ತಾನೆ? ತಯಾರಿಸುತ್ತಾನೆ.

ಮೂರನೇ ದಿನ ಕ್ಯಾಂಟೀನಿನಲ್ಲಿ ಸಹೋದ್ಯೋಗಿ ಸೆಲ್ವಂ ಕೇಳಿದ. "ಪಾಪಾ ಎಪ್ಪಡಿ ಇರುಕ್ಕು ಸಾರ್?" ಮಗು ಹೇಗಿದ್ದಾಳೆ ಎಂದು. ಗೊತ್ತಿಲ್ಲ ಎನ್ನಲು ಒಂಥರಾ ಆಯಿತು. ಹಿಂದಿನ ದಿನವಷ್ಟೇ ಇಂಟರ್ನೆಟ್ಟಿನಲ್ಲಿ ಓದಿದ್ದೆ, ಇಂಥ ಹಡಗುಗಳಲ್ಲಿ ಮಕ್ಕಳು ಹಾಯಿಕಂಬದ ತುದಿಗೆ ಹತ್ತಿ ಹಾಯಿ ಬಿಚ್ಚುತ್ತಾರೆ ಎಂದು. "ಇಷ್ಟು ಹೊತ್ತಿಗೆ ಕಂಬ ಹತ್ತಿರಬೇಕು," ಎಂದೆ.

ಮರುದಿನ 'ಹತ್ತಿರಬೇಕು' ಎಂಬುದು 'ಹತ್ತಿದಳಂತೆ' ಆಗಿತ್ತು. ಅದರ ಮರುದಿನ ಕಂಬಕ್ಕೆ ಎಂಬತ್ತು ಅಡಿ ಬಂತು. ಶನಿವಾರ ಕೀಲ್ಪಾಕಿನಲ್ಲಿ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಪ್ರಭುಗಳು ಸಿಕ್ಕರು. ಉಡುಪಿ ಕಡೆಯವರು, ಅಲ್ಲೇ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ಅವರ ಫಿಲ್ಟರ್ ಕಾಫಿ ಕುಡಿಯುತ್ತ ಕೂತಾಗ ನನ್ನ ಬಾಯಿಂದ ಬಿರುಗಾಳಿಯೂ ಬಂತು, ಸಿಕ್ಕಿಕೊಂಡ ಹಾಯಿಯೊಂದೂ ಬಂತು. ಅದನ್ನು ಬಿಡಿಸಿದವರು ಯಾರೆಂದು ಬೇರೆ ಹೇಳಬೇಕೇ?

"ಹೌದಾ ಮಾರಾಯ್ರೆ? ನಮ್ಮ ಮಕ್ಕಳೂ ಇದ್ದಾರೆ, ಲಿಫ್ಟ್ ಇಲ್ಲದಿದ್ರೆ ಎರಡನೇ ಮಾಳಿಗೆಗೆ ಹೋಗುದಿಲ್ಲ," ಎಂದರು ಪ್ರಭುಗಳು. "ಇದಕ್ಕೆ ಒಂದು ಸನ್ಮಾನ ಆಗ್ಲೇಬೇಕು."

ಬೇಡ ಎಂದೆ. ಎಷ್ಟು ಮೆಲ್ಲಗೆಂದರೆ, ಅವರಿಗೆ ಕೇಳಿಸಲಿಲ್ಲ.

ಹದಿಮೂರನೇ ದಿನ ಬೆಳಿಗ್ಗೆ ಬಂದರಿನ ಗೇಟಿನಲ್ಲಿ ಶ್ರಾವಣಿ ಸಿಕ್ಕಳು. ಮುಖ ಕಪ್ಪಾಗಿತ್ತು, ತುಟಿ ಒಡೆದಿತ್ತು, ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಒಣಗಿದ್ದವು. ಸುಧಾ ಆ ಕೈ ಹಿಡಿದುಕೊಂಡು ನಿಂತುಬಿಟ್ಟಳು. ನಾನು ಕೇಳಿದ ಮೊದಲ ಪ್ರಶ್ನೆ, "ಕಂಬ ಹತ್ತಿದಿ?"

"ಇಲ್ಲಪ್ಪಾ. ಆರಡಿ ಹತ್ತಿದೆ, ಅಪ್ಪುರಂ ಇಳಿದುಬಿಟ್ಟೆ. ರೊಂಬ ಅಂಜಿಕಿ ಬಂತು."

ಆಟೋ ಹತ್ತಿದ ಮೇಲೆ ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರಕ್ಕೆ ಹೋದದ್ದು, ಸಮುದ್ರದ ಬಣ್ಣ ದಿನಕ್ಕೆ ನಾಲ್ಕು ಸಲ ಬದಲಾದದ್ದು, ಇಪ್ಪತ್ತು ಜನಕ್ಕೆ ಉಪ್ಪಿಟ್ಟು ಮಾಡಲು ಹೋಗಿ ಪಾತ್ರೆ ಹೊರಳಿದ್ದು. ಸುಧಾ ಒಂದೊಂದನ್ನೂ ಮತ್ತೆ ಮತ್ತೆ ಕೇಳುತ್ತಿದ್ದಳು. ನನ್ನ ತಲೆಯಲ್ಲಿ ಮಾತ್ರ ಎಂಬತ್ತರಿಂದ ಆರು ಕಳೆಯುವ ಲೆಕ್ಕ ನಡೆದಿತ್ತು. ಅಷ್ಟರಲ್ಲಿ ಮೊಬೈಲ್ ಸದ್ದು ಮಾಡಿತು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಆಮಂತ್ರಣ. ಹಿನ್ನೆಲೆಯಲ್ಲಿ ಹಡಗಿನ ಚಿತ್ರ, ಮುಂದೆ ನನ್ನ ಮಗಳ ಹತ್ತನೇ ಕ್ಲಾಸಿನ ಪಾಸ್‌ಪೋರ್ಟ್ ಫೋಟೋ, ಕೆಳಗೆ 'ಸಾಗರ ಸಾಹಸಿಗೆ ಸನ್ಮಾನ'.

ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಮಗಳಿಗೂ ಹೇಳಲಿಲ್ಲ. "ಸಮುದ್ರಕ್ಕೆ ಹೋಗಿಬಂದಿದ್ದಕ್ಕ ಕರದಾರ. ಸ್ಟೇಜ್ ಮ್ಯಾಲೆ ಹೋಗಿ ಥ್ಯಾಂಕ್ಸ್ ಅಂತ ಹೇಳಿ ಇಳಿದು ಬಾ, ಸಾಕು," ಎಂದೆ. ನಾವು ಅಪ್ಪಂದಿರು ಎಂಬತ್ತೇಳು ಪರ್ಸೆಂಟನ್ನು 'ತೊಂಬತ್ತರ ಹತ್ತಿರ' ಎನ್ನುವುದಿಲ್ಲವೇ? ಮಗನಿಗೆ ಕೆಲಸ ಸಿಕ್ಕರೆ ಸಂಬಳವನ್ನು ಸ್ವಲ್ಪ ಉಬ್ಬಿಸುವುದಿಲ್ಲವೇ? ಇದೂ ಅಂಥದ್ದೇ ಎಂದು ಸಮಾಧಾನ ಮಾಡಿಕೊಂಡೆ. ಎಪ್ಪತ್ತನಾಲ್ಕು ಅಡಿ ರೌಂಡ್ ಆಫ್.

ಭಾನುವಾರ ಪ್ರಭುಗಳು ಮೈಕಿನ ಮುಂದೆ ನಿಂತು ಕಥೆ ಶುರು ಮಾಡಿದರು. ನಾನು ಕೊಟ್ಟಿದ್ದಕ್ಕಿಂತ ಚೆನ್ನಾಗಿತ್ತು. ಅವರ ಬಿರುಗಾಳಿಗೆ ಮಿಂಚೂ ಇತ್ತು. ವೇದಿಕೆಯ ಮೇಲಿದ್ದ ಶ್ರಾವಣಿ ಮೊದಲು ನಕ್ಕಳು, ಯಾರದ್ದೋ ಬೇರೆಯವರ ಕಥೆ ಎಂದುಕೊಂಡಿರಬೇಕು. ಆಮೇಲೆ ತನ್ನ ಹೆಸರು ಕೇಳಿ ನಗು ನಿಲ್ಲಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಫ್ಯಾನ್ ನೋಡಿದೆ.

ಪೇಟ ತೊಡಿಸಿದರು, ಶಾಲು ಹೊದಿಸಿದರು. ಮೈಕ್ ಕೊಟ್ಟರು.

"ಎಲ್ಲರಿಗೂ ವಣಕ್ಕಂ... ಸಾರಿ, ನಮಸ್ಕಾರ," ಎಂದಳು. "ಅಂಕಲ್ ಹೇಳಿದ್ದು ನಾನಿಲ್ಲ. ನಾನು ಮೊದಲು ನಾಲ್ಕು ದಿನ ಬಕೆಟ್ ಪಕ್ಕದಾಗ ಮಲಗಿದ್ದೆ. ಐದನೇ ದಿನ ನನ್ನ ಟರ್ನ್ ಬಂತು. ಕಂಬ ಹತ್ತೋಕೆ ಮುಂದೆ ಕ್ಯಾಪ್ಟನ್ ಮೇಡಂ ಒಬ್ಬೊಬ್ಬರನ್ನೂ ಕೇಳ್ತಾರೆ, ಭಯ ಇದೆಯಾ ಅಂತ. ಇದ್ರೆ ಇದೆ ಅಂತ ಹೇಳಬೇಕು. ಅದು ರೂಲ್. ಇಲ್ಲ ಅಂತ ಸುಮ್ನೆ ಹೇಳಿ ಹತ್ತಿದ್ರೆ, ಮೇಲಿಂದ ಬೀಳೋದು ಕೆಳಗೆ ಇರೋರ ತಲೆ ಮೇಲೆ. ನಾನು ಭಯ ಇಲ್ಲ ಅಂತ ಹೇಳಿ ಹತ್ತಿದೆ. ಆರಡಿಗೆ ಕಾಲು ನಡುಗ್ತು. ಭಯ ಇದೆ ಮೇಡಂ ಅಂದೆ. ಇಳಿ ಅಂದ್ರು. ಬೈಯಲಿಲ್ಲ."

ಕಣ್ಣಿನ ಮೇಲೆ ಜಾರಿದ ಪೇಟವನ್ನು ಹಿಂದಕ್ಕೆ ತಳ್ಳಿಕೊಂಡಳು.

"ಮೇಲೆ ಹತ್ತಿದ್ದು ಜೆನಿಟಾ. ತೂತ್ತುಕುಡಿ ಹುಡುಗಿ, ಅವರಪ್ಪ ಮೀನು ಹಿಡೀತಾರೆ. ಅವಳ ಸೇಫ್ಟಿ ಹಗ್ಗ ಕೆಳಗಿಂದ ನಾನು ಹಿಡ್ಕೊಂಡಿದ್ದೆ. ಅವಳು ಇಳಿಯೋವರೆಗೂ ಬಿಡಲಿಲ್ಲ. ಅಷ್ಟು ಮಾತ್ರ ನಿಜ." ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಸೇರಿಸಿದಳು. "ಕಂಬ ಎಂಬತ್ತು ಅಡಿನೂ ಇಲ್ಲ. ಅರ್ಧ ಇರಬಹುದು. ಬಿರುಗಾಳಿ ಬರಲೇ ಇಲ್ಲ. ಎರಡು ದಿನ ಗಾಳಿನೇ ಇರಲಿಲ್ಲ."

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೂತಲ್ಲಿಂದಲೇ ಕೇಳಿದರು. "ಆ ಬಕೆಟ್ ತೊಳೆದವರು ಯಾರಮ್ಮ?"

"ನಾನೇ ಪಾಟಿ. ಸರಿಯಾದ ಮೇಲೆ ಬೇರೆಯವರದ್ದೂ ತೊಳೆದೆ."

ಮೊದಲ ಚಪ್ಪಾಳೆ ಆ ಅಜ್ಜಿಯದು. ಆಮೇಲೆ ಎಲ್ಲರದು. ಪ್ರಭುಗಳು ಜೋರಾಗಿಯೇ ತಟ್ಟಿದರು. ಆದರೆ ಕಾಫಿ ಹೊತ್ತಿನಲ್ಲಿ ನನ್ನ ಪಕ್ಕಕ್ಕೆ ಬಂದು, "ಬಿರುಗಾಳಿ ನೀವೇ ಹೇಳಿದ್ದಲ್ವಾ? ಮಿಂಚು ಮಾತ್ರ ನನ್ನದು," ಎಂದರು. ಅಷ್ಟೇ ಸಾಕಾಗಿತ್ತು.

ಮೂವರೂ ಆಟೋದಲ್ಲಿ ಮನೆಗೆ ಹೊರಟೆವು. ಪೇಟ ಸುಧಾಳ ತೊಡೆಯ ಮೇಲಿತ್ತು. ಪೆರಂಬೂರಿನ ಸೇತುವೆ ಹತ್ತುವಾಗ ಶ್ರಾವಣಿ ಕೇಳಿದಳು. ಕನ್ನಡದಲ್ಲೇ ಕೇಳಿದಳು.

"ಅಪ್ಪಾ, ಆರಡಿ ಅಂತ ಹೇಳಾಕ ನಿಮಗ ನಾಚಿಕಿ ಆತೇನು?"

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅದು ಇನ್ನೊಂದು ಸುಳ್ಳಾಗುತ್ತಿತ್ತು. ಅವಳ ಕೈ ನೋಡಿದೆ. ಹಗ್ಗದ ಗುರುತು ಅಂಗೈಗೆ ಅಡ್ಡವಾಗಿ ಹಾಗೇ ಇತ್ತು. ಗೇಟಿನಲ್ಲಿ ನಾನು ಅದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. "ಆತು," ಎಂದೆ. ಅವಳು ತಲೆಯಾಡಿಸಿ ಹೊರಗೆ ನೋಡುತ್ತ ಕೂತಳು. ಅವಳ ಕ್ಯಾಪ್ಟನ್ನಿನ ಹಾಗೆ ಅವಳೂ ಬೈಯಲಿಲ್ಲ.

ಸೋಮವಾರ ಕ್ಯಾಂಟೀನಿಗೆ ಹೋದವನೇ ಸೆಲ್ವಂ ಮುಂದೆ ಎಲ್ಲ ಒಪ್ಪಿಕೊಂಡೆ. ಹತ್ತಿದ್ದು ಆರೇ ಅಡಿ, ಬಿರುಗಾಳಿ ಇಲ್ಲ, ಹಾಯಿ ಸಿಕ್ಕಿಕೊಳ್ಳಲಿಲ್ಲ, ಎಲ್ಲ ನಾನು ಕಟ್ಟಿದ್ದು ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಪಕ್ಕದ ಟೇಬಲ್ಲಿನವರ ಕಡೆ ತಿರುಗಿ, "ಪಾರುಂಗ, ಎವ್ವಳವು ಅಡಕ್ಕಂ," ಎಂದ. ನೋಡಿ, ಎಷ್ಟು ವಿನಯ. ಎಂಬತ್ತು ಅಡಿ ಹತ್ತಿದ ಮಗಳ ಅಪ್ಪ ಹೀಗಿರಬೇಕಂತೆ. ಸಂಜೆಯ ಹೊತ್ತಿಗೆ ಕಂಬ ನೂರಡಿ ಆಗಿತ್ತು. ಸತ್ಯ ಹೇಳುವುದು ಸುಲಭ ಎಂದು ಯಾರು ಹೇಳಿದರೋ, ಅವರು ನಮ್ಮ ವರ್ಕ್‌ಶಾಪಿನ ಕ್ಯಾಂಟೀನಿಗೆ ಬಂದಿಲ್ಲ.

ಮೊನ್ನೆ ಹಡಗಿನವರಿಂದ ಶ್ರಾವಣಿಗೆ ಪತ್ರ ಬಂತು. ಮುಂದಿನ ಯಾನಕ್ಕೆ ಹಳೆಯ ತಂಡದಿಂದ ಇಬ್ಬರನ್ನು ಮತ್ತೆ ಕರೆದಿದ್ದಾರೆ. ಮೇಲೆ ಹತ್ತಲು ಜೆನಿಟಾ, ಕೆಳಗೆ ಹಗ್ಗ ಹಿಡಿಯಲು ಇವಳು. ಜೊತೆಗೊಂದು ಫಾರಂ. ಭಯಗಳಿದ್ದರೆ ಬರೆಯಿರಿ ಎಂಬಲ್ಲಿ 'ಎತ್ತರ' ಎಂದು ಬರೆದು, ನೀಟಾಗಿ ತುಂಬಿ ತಂದಳು. ಕೊನೆಯಲ್ಲಿ, ಮೇಲಿನ ವಿವರಗಳೆಲ್ಲ ನಿಜ ಎಂದು ತಂದೆ ಅಥವಾ ತಾಯಿ ದೃಢೀಕರಿಸಿ ಸಹಿ ಮಾಡಬೇಕು ಎಂದಿತ್ತು. ನಾನು ಪೆನ್ ತೆಗೆದು ಕ್ಯಾಪ್ ಬಿಚ್ಚಿದೆ.

ಅವಳು ಫಾರಂ ಅನ್ನು ಅಮ್ಮನ ಕೈಗೆ ಕೊಟ್ಟಳು.