ನನ್ನದಲ್ಲದ ಹೈಸ್ಕೂಲು

ಕೊಯಮತ್ತೂರಿನಲ್ಲೇ ಮುದುಕಿಯಾದ ನಾನು ಈ ಸಲ ರೈಲಿನಲ್ಲಿ ಕುಮಟಾಕ್ಕೆ ಹೊರಟಿದ್ದೆ. ಭಟ್ಕಳದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಕಾಲೇಜು ಹುಡುಗಿ ಮೊಬೈಲಿನಲ್ಲಿ ಸಿನಿಮಾ ಹಾಕಿ, ನನಗೂ ಕಾಣುವಂತೆ ಹಿಡಿದಳು. ಹೈಸ್ಕೂಲಿನ ಕೊನೆಯ ದಿನ. ಹುಡುಗ ಹುಡುಗಿಯರು ಅಪ್ಪಿಕೊಂಡು ಅಳುತ್ತಿದ್ದರು. ನನ್ನ ಕಣ್ಣೂ ತುಂಬಿತು.

"ನಮ್ಮ ಹೊನ್ನಾವರದ ಹೈಸ್ಕೂಲೂ ಹೀಗೇ ಇತ್ತು ಮಗಾ. ಹುಡುಗರು, ನಾವು, ಎಲ್ಲ ಒಟ್ಟಿಗೇ ನಗಾಡಿಕೊಂಡು..." ಎಂದೆ.

ಎದುರು ಸೀಟಿನ ಮುದುಕರು ಪೇಪರು ಕೆಳಗಿಳಿಸಿ, ಯಾವ ವರ್ಷ ಎಂದು ಕೇಳಿದರು. ಹೇಳಿದೆ.

"ಹಾಗಾದ್ರೆ ನಾನೂ ಅದೇ ಕ್ಲಾಸು! ಎಂತ ನಗಾಡುದು ಮಾರಾಯ್ರೇ? ನೀವು ಲೇಡೀಸ್ ರೂಮಲ್ಲಿ ಕಾದು, ಮಾಸ್ತರ ಹಿಂದೆ ಸಾಲಾಗಿ ಬರ್ತಿದ್ರಿ. ಪಾಠ ಮುಗಿದದ್ದೇ ಅವರ ಹಿಂದೇ ಹೋಗ್ತಿದ್ರಿ. ನಿಮ್ಮ ಜಡೆ ಬಿಟ್ರೆ ನಾವು ಎಂತದೂ ಕಂಡದ್ದಿಲ್ಲ!"

ಮಾತು ನಿಜ. ಒಬ್ಬ ಹುಡುಗನ ಜೊತೆಗೂ ನಾನು ಮಾತಾಡಿದವಳಲ್ಲ. ಸಿನಿಮಾದವರ ನೆನಪನ್ನು ನನ್ನದೆಂದು ಹೇಳಿ ಸಿಕ್ಕಿಬಿದ್ದಿದ್ದೆ. ಮುಖ ಬಿಸಿಯಾಯಿತು.

"ಬಿಡಿ ಅಜ್ಜಿ, ನಮ್ಮಲ್ಲೂ ಹೀಗೆಲ್ಲ ಇರ್ಲಿಲ್ಲ. ಆದ್ರೂ ನಾನು ನೋಡಿದಾಗೆಲ್ಲ ಅಳ್ತೇನೆ" ಎಂದಳು ಹುಡುಗಿ.

"ಹೌದಾ? ಮುಂದೆ ಎಂತ ಆತು? ಸ್ವಲ್ಪ ಈಚೆ ಹಿಡಿ" ಎಂದು ಎದುರಿನ ಮುದುಕರೂ ಬಗ್ಗಿದರು.

ಕುಮಟಾ ಬರುವ ತನಕ ನಾನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಎದುರಿಗೇ ಕೂತ ಕ್ಲಾಸಿನ ಹುಡುಗನ ಹೆಸರು ಕೇಳುವ ಧೈರ್ಯ ಎಪ್ಪತ್ತು ದಾಟಿದರೂ ಬಂದಿಲ್ಲ.